ಕಾಲು ಸೂಪಿನ ಇಂಗ್ಲಿಷ್ ಹೆಸರು

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಫೋನು ಬಂದಾಗ ಚಕ್ರಪಾಣಿ ಗೃಹಪ್ರವೇಶದ ಆಹ್ವಾನಪತ್ರಿಕೆಯೊಂದರ ಕರಡು ಹಿಡಿದುಕೊಂಡು ಅಂಗಡಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆಯುತ್ತಿದ್ದರು. ಹನುಮಂತನಗರದ ಗುಡ್ಡದ ಕೆಳಗಿನ ಆ ಡಿಟಿಪಿ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಏಳು ಹೆಜ್ಜೆ. ಅಲ್ಲಿ ಎರಡು ಕುರ್ಚಿಗಳಿವೆ, ಎರಡೂ ಗಿರಾಕಿಗಳಿಗೆ. ಚಕ್ರಪಾಣಿ ಕೂತು ಓದಿದ್ದನ್ನು ಕಂಡವರಿಲ್ಲ.

"ಅಂಕಲ್, ನಾನು ಶ್ವೇತ. ಬಿಟಿಎಂ ಇಂದ. ಮುನಿವೆಂಕಟಮ್ಮನ ಮಗಳು."

"ಹೇಳಮ್ಮ. ಬೋರ್ಡು ಹೆಂಗೆ ಬಂದಿದೆ?"

"ಬೋರ್ಡೇನೋ ಸಖತ್ತಾಗಿದೆ. ಆದ್ರೆ ಬೆಳಿಗ್ಗೆಯಿಂದ ಆರು ಜನ ಬಂದು ಕ್ವಾರ್ಟರ್ ಕೇಳಿದ್ರು ಅಂಕಲ್. ಒಬ್ಬ ಅಂತೂ ಯಾವ್ ಬ್ರ್ಯಾಂಡ್ ಇಟ್ಟಿದ್ದೀರಾ ಅಂದ. ಅಮ್ಮ ಸೌಟು ತಗೊಂಡು ಅವನ ಮೇಲೇ ಹೋದ್ರು."

"ಕ್ವಾರ್ಟರ್ರಾ?"

"ನೀವೇ ಬರೆದಿದ್ದೀರಲ್ಲ ಅಂಕಲ್, ಕ್ವಾರ್ಟರ್ ಸೂಪ್ ಅಂತ. ಕಾಲು ಸೂಪ್‌ಗೆ. ಕಾಲು ಅಂದ್ರೆ ಕಾಲು. ಕುರಿ ಕಾಲು."

ಚಕ್ರಪಾಣಿ ನಿಂತರು. ಗೋಡೆ ಇನ್ನೂ ಮೂರು ಹೆಜ್ಜೆ ದೂರವಿತ್ತು. ಕರಡನ್ನು ಮೇಜಿನ ಮೇಲಿಟ್ಟು ಚಪ್ಪಲಿ ಹುಡುಕಿದರು.

ಅವರಿಗೆ ಅರವತ್ನಾಲ್ಕು. ಹುಟ್ಟಿ ಬೆಳೆದದ್ದು ಇದೇ ಹನುಮಂತನಗರ. ನಡೆಯಲು ಕಲಿತ ದಿನವೇ ಗೇಟು ದಾಟಿ ರಸ್ತೆಗೆ ಹೋಗಿದ್ದರಂತೆ. "ಕೈಯಲ್ಲಿ ಚಕ್ರ ಇರ್ಲಿ ಅಂತ ಹೆಸರಿಟ್ರೆ, ಇವನು ಅದನ್ನ ಕಾಲಿಗೆ ಕಟ್ಟಿಕೊಂಡ" ಎಂದು ಅವರ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದರು. ಶಾಲೆಯಲ್ಲಿ ಬೆಂಚಿನ ಮೇಲೆ ಕೂರಲಾರದ ಹುಡುಗನನ್ನು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಅದು ಶಿಕ್ಷೆಯೆಂದು ಆತನಿಗೆ ಅನ್ನಿಸಲೇ ಇಲ್ಲ.

ಬಿ.ಎ. ಮುಗಿಸಿ ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ಆಗಿನ್ನೂ ಸೀಸದ ಮೊಳೆಗಳ ಕಾಲ. ಕಂಪಾಸಿಟರುಗಳು ನಿಂತು ಮೊಳೆ ಜೋಡಿಸುತ್ತಿದ್ದರು, ಕರಡು ತಿದ್ದುವವರು ಕೂರಬೇಕಿತ್ತು. ಚಕ್ರಪಾಣಿ ಕೂರಲಿಲ್ಲ. ಯಂತ್ರಗಳ ನಡುವೆ ಓಡಾಡುತ್ತ, ಸಾಲನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಓದುತ್ತಿದ್ದರು. ಒಂದು ಮದುವೆಯ ಪತ್ರಿಕೆಯಲ್ಲಿ 'ವಧು' ಎನ್ನುವುದು 'ವಧೆ' ಎಂದಾಗಿ ಎಂಟುನೂರು ಪ್ರತಿ ಅಚ್ಚಾಗುವ ಮೊದಲು ಯಂತ್ರ ನಿಲ್ಲಿಸಿದ್ದು ಅವರೇ. ಮುದ್ರಾರಾಕ್ಷಸ ಅನ್ನುತ್ತಾರಲ್ಲ, ಅಚ್ಚಿನ ತಪ್ಪಿನ ಆ ಪಿಶಾಚಿ, ಚಕ್ರಪಾಣಿ ಇರುವ ಕಡೆ ಸುಳಿಯುವುದಿಲ್ಲ ಎಂದು ಮುದ್ರಣಾಲಯದಲ್ಲಿ ಮಾತಿತ್ತು. ಮುದ್ರಣಾಲಯ ಮುಚ್ಚಿದ ಮೇಲೆ ಡಿಟಿಪಿ ಅಂಗಡಿ ತೆರೆದರು. ಪತ್ರಿಕೆ, ಬಿಲ್ ಪುಸ್ತಕ, ಮೆನು ಕಾರ್ಡು, ಈಚೆಗೆ ಬೋರ್ಡುಗಳ ವಿನ್ಯಾಸ. ಎಲ್ಲ ಸೇರಿ ಮೂವತ್ತೊಂಬತ್ತು ವರ್ಷ. ಅವರ ಕೈ ದಾಟಿದ ಕೆಲಸ ತಪ್ಪೆಂದು ತಿರುಗಿ ಬಂದದ್ದಿಲ್ಲ.

ಬಲ ಮಂಡಿ ಮಾತ್ರ ದೀಪಾವಳಿಯಿಂದ ಮಾತು ಕೇಳುತ್ತಿರಲಿಲ್ಲ. ಜಯನಗರದ ಡಾಕ್ಟರು ಆರು ವಾರ ಓಡಾಟ ಕಡಿಮೆ ಮಾಡಿ ಎಂದಿದ್ದರು. ಅದರಲ್ಲಿ ಎರಡು ವಾರ ಕಳೆದಿತ್ತು, ಓಡಾಟವೇನೂ ಕಡಿಮೆಯಾಗಿರಲಿಲ್ಲ.

ಬಸ್ಸಿನಲ್ಲಿ ಬನಶಂಕರಿಯವರೆಗೆ ನಿಂತುಕೊಂಡು, ಅಲ್ಲಿಂದ ರಿಂಗ್ ರೋಡಿನ ಬಸ್ಸಿನಲ್ಲಿ ಮತ್ತೆ ನಿಂತುಕೊಂಡು ಹೋಗುತ್ತ ಚಕ್ರಪಾಣಿ ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕಿದರು. ಮುನಿವೆಂಕಟಮ್ಮ ಚಿಕ್ಕಲಸಂದ್ರದಲ್ಲಿ ಇಪ್ಪತ್ತೆರಡು ವರ್ಷ ತಳ್ಳುಗಾಡಿಯಲ್ಲಿ ಸೂಪು ಮಾರಿದವರು. ಮೊದಲ ಬಾರಿಗೆ ಗೋಡೆ, ಬಾಗಿಲು ಇರುವ ಅಂಗಡಿ ಹಿಡಿದಿದ್ದರು. ಶ್ವೇತ ಕೈಬರಹದ ಪಟ್ಟಿಯ ಫೋಟೊ ಕಳಿಸಿದ್ದಳು. ಮೇಲಿನ ಸಾಲು 'ಬಿರಿಯಾನಿ ಫುಲ್'. ಅದರ ಕೆಳಗೆ 'ಬಿರಿಯಾನಿ ಅರ್ಧ'. ಅದರ ಕೆಳಗೆ 'ಕಾಲು ಸೂಪ್'. ಪೂರ್ತಿ, ಅರ್ಧ, ಕಾಲು. ಕಾಫಿಯಿಂದ ಹಿಡಿದು ಟೊಮೆಟೊ ಸೂಪಿನವರೆಗೆ ಎಲ್ಲವನ್ನೂ ಬೈ ಟೂ ಮಾಡಿ ಕುಡಿಯುವ ಊರು ಇದು. ಪಿಜಿ ಹುಡುಗರು ಬೈ ಫೋರ್ ಮಾಡುತ್ತಿರಬೇಕು ಎಂದುಕೊಂಡಿದ್ದರು. ಸಂಜೆಯ ಗಾಡಿಗಳ ಮೇಲೆ 'ಕಾಲು ಸೂಪ್' ಎಂಬ ಎರಡು ಪದಗಳನ್ನು ನೂರು ಸಲ ಓದಿದ್ದರು. ಅಕ್ಷರ ಸರಿಯಿದೆಯೇ ಎಂದು ನೋಡಿದ್ದರೇ ಹೊರತು ಪಾತ್ರೆಯೊಳಗೆ ಏನಿದೆ ಎಂದು ನೋಡಿರಲಿಲ್ಲ. ಹುಟ್ಟಿನಿಂದ ಸಸ್ಯಾಹಾರಿ. ಪಾತ್ರೆಯ ಕಡೆ ಕಣ್ಣು ಹೋಗುವ ಅಭ್ಯಾಸವಿರಲಿಲ್ಲ.

ಅಂಗಡಿ ಬಿಟಿಎಂ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿತ್ತು, ಎದುರಿಗೆ ಸಾಲಾಗಿ ಮೂರು ಪಿಜಿಗಳು. ಬೋರ್ಡು ದೂರದಿಂದಲೇ ಕಂಡಿತು. ಮೇಲೆ ದೊಡ್ಡದಾಗಿ 'ಮುನಿವೆಂಕಟಮ್ಮ ಮೆಸ್, ಕಾಲು ಸೂಪ್'. ಕೆಳಗೆ ಇಂಗ್ಲಿಷಿನಲ್ಲಿ ಕೆಂಪು ಅಕ್ಷರದ ಕ್ವಾರ್ಟರ್ ಸೂಪ್. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ.

ಬಾಗಿಲಲ್ಲಿ ಕಟ್ಟಡದ ಮಾಲೀಕ ಶಿವರಾಮ್ ನಿಂತಿದ್ದರು. ಪಕ್ಕದ ತಾವರೆಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಇಲ್ಲಿನವರು. ಅಜ್ಜ ರಾಗಿ ಬೆಳೆದ ಜಾಗದಲ್ಲಿ ಈಗ ನಾಲ್ಕು ಮಹಡಿ. ಅವರ ಕೈಯಲ್ಲಿ ಒಂದು ಕಾಗದವಿತ್ತು.

"ನೀವೇನಾ ಸಾರ್ ಬೋರ್ಡ್ ಬರೆದೋರು? ನೋಡಿ ಇದನ್ನ. ನಿವಾಸಿಗಳ ಸಂಘದೋರು ಕೊಟ್ಟಿರೋದು. ಬಾರ್ ತೆಗೆದಿದ್ದೀರಾ ಅಂತ. ಹದಿನೇಳು ಸೈನು."

"ಶಿವರಾಮಣ್ಣ, ನಿಮಗೆ ಗೊತ್ತಿಲ್ವಾ ನಾನ್ ಏನ್ ಮಾಡ್ತೀನಿ ಅಂತ?" ಒಳಗಿನಿಂದ ಮುನಿವೆಂಕಟಮ್ಮ ಕೇಳಿದರು. ಸೌಟು ಇನ್ನೂ ಕೈಯಲ್ಲಿತ್ತು.

"ನಂಗೊತ್ತಕ್ಕ. ಚಿಕ್ಕಲಸಂದ್ರಕ್ಕೆ ಬಂದು ಕುಡಿದಿದ್ದೀನಿ. ಅವರಿಗ್ ಗೊತ್ತಾ? ಅಲ್ಲಿರೋರಲ್ಲಿ ಮುಕ್ಕಾಲು ಜನಕ್ಕೆ ಕನ್ನಡ ಓದೋಕೇ ಬರಲ್ಲ. ಕೆಳಗಿನ ಸಾಲು ನೋಡ್ತಾರೆ. ನಮ್ಮಪ್ಪನ ಹೆಸರಿನ ಬಿಲ್ಡಿಂಗು, ಎಣ್ಣೆ ಅಂಗಡಿ ಅಂತ ಹೆಸರಾಗ್ಬಾರದು. ನಾಳೆ ಸಂಜೆ ಆರಕ್ಕೆ ಮೀಟಿಂಗು. ಅಷ್ಟರೊಳಗೆ ಬೋರ್ಡ್ ನೋಡ್ದೋರು ಬಾಯಿ ಮುಚ್ಕೊಂಡು ಹೋಗೋ ಹಂಗಿರ್ಬೇಕು. ಇಲ್ಲಾಂದ್ರೆ ಬೀಗದ ಕೈ ವಾಪಸ್ ಕೊಟ್ಬಿಡಿ. ಬೇಜಾರ್ ಮಾಡ್ಕೋಬೇಡಿ."

ಶಿವರಾಮ್ ಹೋದ ಮೇಲೆ ಮುನಿವೆಂಕಟಮ್ಮ ಚಕ್ರಪಾಣಿಯವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಗಾಡಿ ಮಾರಿಬಿಟ್ಟೆ ಸ್ವಾಮಿ. ಇನ್ನು ತಿರುಗಿ ಹೋಗೋಕೆ ಅದೂ ಇಲ್ಲ."

"ತಪ್ಪು ನಂದಮ್ಮ. ಪಟ್ಟೀಲಿ ಕುರಿ ಅಂತ ಒಂದು ಮಾತು ಇದ್ದಿದ್ರೆ..."

"ಕುರಿ ಅಂತ ಯಾಕೆ ಬರೀಬೇಕು? ಆನೆ ಕಾಲಲ್ಲಿ ಯಾರಾದ್ರೂ ಸೂಪ್ ಮಾಡ್ತಾರಾ?"

ಶ್ವೇತ ನಕ್ಕಳು. ಚಕ್ರಪಾಣಿಗೆ ನಗು ಬರಲಿಲ್ಲ. ಅವರು ಮೇಜುಗಳ ನಡುವೆ ಓಡಾಡತೊಡಗಿದ್ದರು.

"ಲೆಗ್ ಸೂಪ್ ಅಂತ ಹಾಕ್ಬಿಡಿ ಅಂಕಲ್. ಎಲ್ರೂ ಅದನ್ನೇ ಹಾಕ್ಕೊಂಡಿರೋದು" ಎಂದಳು ಶ್ವೇತ.

"ಬೇಡ" ಎಂದರು ಮುನಿವೆಂಕಟಮ್ಮ. "ಗಾಡೀಲಿ ಇದ್ದಾಗ ಒಬ್ಬ ಬಂದಿದ್ದ, ಕನ್ನಡ ಬರಲ್ಲ. ಗಾಡಿ ಮೇಲೆ ಇವಳು ಲೆಗ್ ಅಂತ ಬರೆದಿದ್ಲು. ಕುಡಿದು, ಲೆಗ್ ಪೀಸ್ ಎಲ್ಲಿ ಅಂದ. ತೊಡೆ ಮಾಂಸ ಬೇಕಂತೆ. ಇದು ಮಂಡಿ ಕೆಳಗಿನ ಕಾಲು ಕಣಪ್ಪಾ ಅಂದ್ರೆ ಮೋಸ ಅಂತ ಕೂಗಾಡಿದ. ಫೋನಲ್ಲಿ ಒಂದು ಸ್ಟಾರ್ ಕೊಟ್ಟು ಹೋದ. ಇನ್ನೊಂದು ಸಲ ಆ ಮಾತು ನಂಗ್ ಬೇಡ."

"ಹಾಗಾದ್ರೆ ಪಾಯಾ?" ಎಂದಳು ಶ್ವೇತ.

"ಪಾಯಾನೇ ಬೇರೆ, ನಂದೇ ಬೇರೆ. ಅದು ಗಟ್ಟಿ ಇರುತ್ತೆ, ಮಸಾಲೆ ಬೇರೆ. ನಂದು ಮೆಣಸು, ಜೀರಿಗೆ, ಬೆಳ್ಳುಳ್ಳಿ. ಹೆಸರು ಹೇಳಿದ್ರೆ ಅದೇ ಕೊಡ್ಬೇಕು ಸ್ವಾಮಿ."

ಹೆಸರು ಹೇಳಿದರೆ ಅದೇ ಕೊಡಬೇಕು. ಮೂವತ್ತೊಂಬತ್ತು ವರ್ಷದಲ್ಲಿ ತಮ್ಮ ಕೆಲಸದ ಬಗ್ಗೆ ಚಕ್ರಪಾಣಿ ಇಷ್ಟು ಚಿಕ್ಕದಾಗಿ ಹೇಳಿಕೊಂಡಿರಲಿಲ್ಲ. ಮಂಡಿಯಿಂದ ಕೆಳಗಿನ ಕಾಲಿಗೆ ಇಂಗ್ಲಿಷಿನಲ್ಲಿ ಒಂದು ಹೆಸರು ಬೇಕಿತ್ತು, ಅಡುಗೆಗೆ ಬಂದ ಕಾಲಿಗೆ. ಗೊರಸಿಗೆ ಬೇರೆ ಪದವಿದೆ, ನಾಯಿ ಬೆಕ್ಕಿನ ಪಂಜಕ್ಕೆ ಬೇರೆ ಇದೆ. ಇದಕ್ಕೂ ಒಂದಿರಬೇಕು. ಎಂದೋ ಓದಿದ ನೆನಪು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

"ಕೂತ್ಕೊಳ್ಳಿ ಸ್ವಾಮಿ, ನೋಡಿದ್ರೆ ನಂಗೇ ತಲೆ ಸುತ್ತುತ್ತೆ" ಎಂದರು ಮುನಿವೆಂಕಟಮ್ಮ. "ಕುಂಟ್ತಾ ಇದ್ದೀರಲ್ಲ, ಮಂಡಿ ನೋವಾ? ನಿಮ್ಮೋರು ಕುಡಿಯಲ್ಲ ಅಂತ ಗೊತ್ತು. ಇಲ್ಲಾಂದ್ರೆ ಹದಿನೈದು ದಿನದಲ್ಲಿ ಓಡೋ ಹಂಗೆ ಮಾಡಿರ್ತಿದ್ದೆ."

"ಓಡೋದೇ ಬೇಡ ಅಂದಿದ್ದಾರಮ್ಮ ಡಾಕ್ಟ್ರು" ಎಂದು ಹೇಳಿ ಚಕ್ರಪಾಣಿ ಹೊರಟರು.

ಮನೆಗೆ ಬಂದಾಗ ನಾಲ್ಕು ಗಂಟೆ. ಹೆಂಡತಿ ಕಾತ್ಯಾಯಿನಿ ಹುರುಳಿಕಾಯಿ ಸೋಸುತ್ತಿದ್ದರು. ಚಕ್ರಪಾಣಿ ಕಪಾಟಿನ ತಳದಿಂದ ಹಳೆಯ ಇಂಗ್ಲಿಷ್ ನಿಘಂಟು ತೆಗೆದರು. ಮುದ್ರಣಾಲಯ ಮುಚ್ಚಿದ ದಿನ ಸಂಬಳದ ಬದಲು ಕೇಳಿ ತಂದದ್ದು, ಎತ್ತಲು ಎರಡು ಕೈ ಬೇಕು. ಅದನ್ನು ಡೈನಿಂಗ್ ಟೇಬಲ್ಲಿನ ಮೇಲಿಟ್ಟು ನಿಂತುಕೊಂಡೇ ಹುಡುಕಿದರು. ಕಾಲು, ಪಾದ, ಗೊರಸು, ಪಂಜ ಎಂದು ಒಂದರಿಂದ ಒಂದಕ್ಕೆ ಹಾರುತ್ತ ಹೋದರು. ಪದ ಸಿಕ್ಕಿತು.

"ಟ್ರಾಟರ್" ಎಂದರು ಗಟ್ಟಿಯಾಗಿ.

"ಯಾರ್ರೀ ಅದು?"

"ಯಾರೂ ಅಲ್ಲ ಕಣೇ. ಕುರಿ, ಹಂದಿ ಇವುಗಳ ಕಾಲು. ಅಡುಗೆಗೆ ಬಂದಾಗ ಆ ಹೆಸರು. ಟ್ರಾಟ್ ಅಂದ್ರೆ ಕುಕ್ಕುಲೋಟ. ಕುದುರೆ ನಡೆಯೋದೂ ಅಲ್ಲದೆ, ಓಡೋದೂ ಅಲ್ಲದೆ ಟಕಟಕ ಅಂತ ಹೋಗುತ್ತಲ್ಲ, ಹಾಗೆ. ಫ್ರೆಂಚರಿಂದ ಬಂದಿದ್ದು. ಅದಕ್ಕೂ ಹಿಂದೆ ಜರ್ಮನರ ಕಡೆಯ ಹಳೇ ಧಾತು, ತುಳಿ ಅನ್ನೋದರ ನಂಟು. ಟ್ರಾಟರ್ ಅಂದ್ರೆ ಹಾಗೆ ಓಡೋನು. ಊರೂರು ಸುತ್ತೋನಿಗೆ ಗ್ಲೋಬ್ ಟ್ರಾಟರ್ ಅಂತಾರಲ್ಲ, ಅದೇ. ಆಮೇಲೆ, ಐನೂರು ವರ್ಷದ ಹಿಂದೆ, ಓಡೋನ ಹೆಸರನ್ನ ಕಾಲಿಗೇ ಕೊಟ್ಟುಬಿಟ್ಟಿದ್ದಾರೆ."

"ಹಾಗಾದ್ರೆ ಇಂಗ್ಲಿಷಿನೋರಿಗೂ ನಿಮ್ಮ ಪರಿಚಯ ಇದೆ" ಎಂದು ಕಾತ್ಯಾಯಿನಿ ಹುರುಳಿಕಾಯಿಯ ನಾರು ಕಿತ್ತರು.

ಚಕ್ರಪಾಣಿ ಮತ್ತೆ ಓದಿದರು. ಹೊಲದಲ್ಲಿ ಓಡಾಡುತ್ತಿರುವ ಕುರಿಯ ಕಾಲಿಗೆ ಈ ಹೆಸರಿಲ್ಲ, ಅದಕ್ಕೆ ಬೇರೆ ಮಾತುಗಳಿವೆ. ಕಡಿದು, ರೋಮ ಸುಟ್ಟು, ತೊಳೆದು ಅಡುಗೆಮನೆಗೆ ತಂದ ಮೇಲೆಯೇ ಅದು ಟ್ರಾಟರ್. ಓಡುವಷ್ಟು ದಿನ ಇಲ್ಲದ ಹೆಸರು, ಓಟ ನಿಂತ ಮೇಲೆ. ಅದು ಅವರಿಗೆ ಹಿಡಿಸಲಿಲ್ಲ. ನಿಘಂಟು ಮುಚ್ಚಿದರು, ಹಾಲ್‌ನಲ್ಲಿ ಎರಡು ಸುತ್ತು ಹಾಕಿದರು, ಮತ್ತೆ ತೆರೆದರು.

"ಇನ್ನೊಂದು ಕೇಳು. ಕಾಲು ಅಂದ್ರೆ ನಾಲ್ಕರಲ್ಲಿ ಒಂದು ಅಂತ ಹೇಗಾಯ್ತು? ಪ್ರಾಣಿಗೆ ನಾಲ್ಕು ಕಾಲು, ಒಂದು ಕಾಲು ಅಂದ್ರೆ ನಾಲ್ಕನೇ ಒಂದು ಭಾಗ. ಹಾಗೇ ಇರ್ಬೇಕು. ಸಂಸ್ಕೃತದ ಪಾದಕ್ಕೂ ಎರಡೂ ಅರ್ಥ ಇದೆ. ಇಂಗ್ಲಿಷ್ ಕಟುಕರು ಹಿಂಗಾಲು, ತೊಡೆ ಸೇರಿದ ಭಾಗಕ್ಕೆ ಹಿಂದಿನ ಕ್ವಾರ್ಟರ್ ಅಂತಾನೇ ಅಂತಾರೆ. ಅಂದ್ರೆ ನಾನು ಬರೆದಿದ್ದು ಪೂರ್ತಿ ತಪ್ಪೇನಲ್ಲ."

"ಮುಕ್ಕಾಲು ತಪ್ಪು" ಎಂದರು ಕಾತ್ಯಾಯಿನಿ. "ಬಾರಿಗೆ ಹೋಗೋರಿಗೆ ಸಂಸ್ಕೃತ ಹೇಳ್ತೀರಾ? ಮಂಡಿಗೆ ಎಣ್ಣೆ ಹಚ್ತೀನಿ, ಬಂದು ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಹೊಸ ಕಾಟ ಶುರುವಾಗಿತ್ತು. ಫೋನಿನಲ್ಲಿ ಆ ಪದ ಒತ್ತಿದರೆ ಬರುವ ಚಿತ್ರಗಳಲ್ಲಿ ಹೆಚ್ಚಿನವು ಹಂದಿಯ ಕಾಲು. ಇಂಗ್ಲೆಂಡಿನಲ್ಲಿ ಬಳಕೆ ಹೆಚ್ಚು ಹಂದಿಗೇ. ಬರಿಯ ಟ್ರಾಟರ್ಸ್ ಎಂದು ಹಾಕಿದರೆ ನಾಳೆ ಹದಿನೇಳು ಸಹಿಯ ಬದಲು ಎಪ್ಪತ್ತು ಬರುತ್ತದೆ. ಕುರಿ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ? ಇಲ್ಲಿನವರಿಗೆ ಕುರಿಯೂ ಮಟನ್, ಆಡೂ ಮಟನ್. ಮಟನ್ ಟ್ರಾಟರ್ಸ್ ಸೂಪ್ ಎಂದು ಬರೆದರು. ಹಿಂದಿನಿಂದ ಓದಿದರು. ಮುಂದಿನಿಂದ ಓದಿದರು. ಎಸ್ ಬೇಕೋ ಬೇಡವೋ? ನಿಘಂಟು ಬಹುವಚನವೇ ವಾಡಿಕೆ ಎಂದಿತ್ತು. ಬೇಕು.

ಸ್ಟಿಕ್ಕರ್ ಕತ್ತರಿಸುವ ಲಕ್ಕಪ್ಪನಿಗೆ ಫೋನು ಮಾಡಿ ಒಂದೊಂದೇ ಅಕ್ಷರ ಹೇಳಿದರು. ಮೂರನೇ ಸಲ ಹೇಳುವಾಗ ಲಕ್ಕಪ್ಪ, "ಸಾರ್, ನಾನು ಬರ್ಕೊಂಡಾಯ್ತು. ನೀವು ಮಲಗಿ" ಎಂದ. ಆಗಿನ್ನೂ ಸಂಜೆ ಆರೂವರೆ.

ಬುಧವಾರ ಮಧ್ಯಾಹ್ನ ಮೂರಕ್ಕೆ ಲಕ್ಕಪ್ಪ ಏಣಿ ಹಾಕಿದ. ಕ್ವಾರ್ಟರ್ ಎಂಬ ಕೆಂಪು ಅಕ್ಷರಗಳನ್ನು ಬ್ಲೇಡಿನಿಂದ ಎಬ್ಬಿಸಿ ಒಂದೊಂದಾಗಿ ಕಿತ್ತ. ಕನ್ನಡದ ಸಾಲಿನಲ್ಲೂ 'ಕಾಲು' ಎನ್ನುವುದರ ಹಿಂದೆ 'ಕುರಿ' ಎಂದು ಅಂಟಿಸಿದ. ಚಕ್ರಪಾಣಿ ಏಣಿಯ ಕೆಳಗೆ ಅತ್ತಿತ್ತ ನಡೆಯುತ್ತ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದರು. ಮುನಿವೆಂಕಟಮ್ಮ ಎರಡು ಸಲ ಬಂದು ನೋಡಿ ಒಳಗೆ ಹೋದರು. ಒಲೆಯ ಮೇಲೆ ದೊಡ್ಡ ತಪ್ಪಲೆ ಇತ್ತು. ಆದರೆ ಆ ದಿನದ ಬಿರಿಯಾನಿಗೆ ಅಕ್ಕಿಯನ್ನು ಅವರಿನ್ನೂ ನೆನೆಹಾಕಿರಲಿಲ್ಲ.

ಐದು ಗಂಟೆಗೆ ಶಿವರಾಮ್ ಬಂದರು. ಸೊಂಟದ ಮೇಲೆ ಕೈಯಿಟ್ಟು ಕೆಳಗಿನ ಸಾಲನ್ನು ನಿಧಾನವಾಗಿ ಓದಿದರು.

"ಟ್ರಾಕ್ಟರಾ?"

"ಟ್ರಾಟರ್ಸ್" ಎಂದರು ಚಕ್ರಪಾಣಿ.

"ಹಂಗಂದ್ರೆ?"

"ಕಾಲು. ಅಡುಗೆಗೆ ಬಳಸೋ ಕಾಲು. ಟ್ರಾಟ್ ಅಂದ್ರೆ ಕುಕ್ಕುಲೋಟ. ಓಡಾಡೋ ಪ್ರಾಣಿ, ಅದರಿಂದ ಅದರ ಕಾಲಿಗೆ."

"ಯಾರಿಗ್ ಗೊತ್ತಾಗುತ್ತೆ ಸಾರ್ ಇದು? ನಿನ್ನೆ ಬಾರ್ ಅಂದ್ರು, ಇವತ್ತು ಇನ್ನೇನ್ ಅಂತಾರೋ. ಇದಕ್ಕಿಂತ ಲೆಗ್ ಅಂತಾನೇ..."

"ಓಡಾಡೋ ಪ್ರಾಣೀದು ಅಂತ ಬರೆದಿದ್ದೀರಾ ಸ್ವಾಮಿ?" ಮುನಿವೆಂಕಟಮ್ಮ ಮಧ್ಯೆ ಬಾಯಿ ಹಾಕಿದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದರು. "ಇಂಗ್ಲಿಷಿನೋರಿಗೆ ಅಷ್ಟು ಗೊತ್ತಾ?"

"ಗೊತ್ತಿತ್ತು ಅಂತ ಕಾಣುತ್ತೆ."

"ನಮ್ಮತ್ತೆ ಅದನ್ನೇ ಹೇಳೋರು. ಕಟ್ಟಿಹಾಕಿ ಸಾಕಿದ್ದರ ಕಾಲು ಎಷ್ಟು ಬೇಯಿಸಿದ್ರೂ ನೀರು. ಬೆಟ್ಟ ಗುಡ್ಡ ಹತ್ತಿ ಮೇಯ್ದಿರ್ಬೇಕು, ಓಡಾಡಿ ಓಡಾಡಿ ಗೊರಸು ಸವೆದಿರ್ಬೇಕು, ಅದರ ಕಾಲಲ್ಲೇ ಸಾರ ಬಿಡೋದು. ನಾನು ಇವತ್ತಿಗೂ ಗೊರಸು ನೋಡೇ ತಗೊಳ್ಳೋದು. ಅಲ್ವಾ ಶಿವರಾಮಣ್ಣ?"

ಶಿವರಾಮ್ ಗದ್ದ ಕೆರೆದುಕೊಂಡರು. "ನಮ್ಮಜ್ಜಿನೂ ಗೊರಸು ನೋಡೋರು" ಎಂದರು, ತಮಗೇ ಹೇಳಿಕೊಂಡಂತೆ. ಆದರೂ ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ. ಐದೂಕಾಲಾಗಿತ್ತು.

ಎದುರಿನ ಪಿಜಿಯಿಂದ ಇಬ್ಬರು ಹುಡುಗಿಯರು ರಸ್ತೆ ದಾಟಿ ಬಂದರು. ಕೊರಳಲ್ಲಿ ಆಫೀಸಿನ ಐಡಿ ಕಾರ್ಡು. ಒಬ್ಬಳು ತಲೆಯೆತ್ತಿ ಬೋರ್ಡು ಓದಿದಳು. ಚಕ್ರಪಾಣಿ ಅಲ್ಲಾಡದೆ ನಿಂತರು. ಆಕೆ ಗೆಳತಿಗೆ ಹಿಂದಿಯಲ್ಲಿ, ಮನೆಯಲ್ಲಿ ಅಜ್ಜಿ ಚಳಿಗಾಲಕ್ಕೆ ಮಾಡುತ್ತಿದ್ದುದು ಇದೇ ಎಂದು ವಿವರಿಸಿದಳು, ಮಂಡಿಯ ಕೆಳಗೆ ಕೈಯಿಟ್ಟು ತೋರಿಸಿದಳು. ಆಮೇಲೆ ಒಳಗೆ ಬಗ್ಗಿ, "ಆಂಟಿ, ಟೂ ಸೂಪ್" ಎಂದಳು. ಗೆಳತಿ ತಡೆದು, "ಒನ್ ಬೈ ಟೂ" ಎಂದು ತಿದ್ದಿದಳು.

ಶಿವರಾಮ್ ಸಂಘದ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ಮೀಟಿಂಗಲ್ಲಿ ನಾನ್ ಹೇಳ್ತೀನಿ ಬಿಡಕ್ಕ. ಯಾರಾದ್ರೂ ಕೇಳಿದ್ರೆ ಇಲ್ಲಿಗೇ ಕರ್ಕೊಂಡ್ ಬಂದು ಕುಡಿಸ್ತೀನಿ. ಅಕ್ಕಿ ನೆನೆಹಾಕು." ಎರಡು ಹೆಜ್ಜೆ ಹೋಗಿ ತಿರುಗಿದರು. "ನಂಗೊಂದು ಫುಲ್ ಎತ್ತಿಡು."

ಮುನಿವೆಂಕಟಮ್ಮ ಒಳಗೆ ಹೋದರು. ಅಕ್ಕಿಯ ಡಬ್ಬ ತೆರೆದ ಸದ್ದು ಕೇಳಿಸಿತು. ಮಜ್ಜಿಗೆಯ ಲೋಟ ಹಿಡಿದು ಬಂದವಳು ಶ್ವೇತ. "ಪಕ್ಕದ ಅಂಗಡಿಯಿಂದ ತಂದಿದ್ದು ಅಂಕಲ್, ನಮ್ಮ ಪಾತ್ರೆದಲ್ಲ. ಕೂತ್ಕೊಂಡು ಕುಡೀರಿ."

ಚಕ್ರಪಾಣಿ ನಿಂತೇ ಕುಡಿದರು. ಕುಡಿಯುತ್ತಿರುವಾಗ ಹತ್ತಿರದ ಮೇಜಿನ ಮೇಲೆ ಕಣ್ಣು ಹೋಯಿತು. ಲ್ಯಾಮಿನೇಷನ್ ಮಾಡಿದ ಮೆನು ಕಾರ್ಡು. ಮೂರನೇ ಸಾಲು, ಕ್ವಾರ್ಟರ್ ಸೂಪ್. ಬೋರ್ಡಿನ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಟ್ಟಿದ್ದರು. ಲೋಟ ಕೆಳಗಿಟ್ಟು ಮೇಜಿನಿಂದ ಮೇಜಿಗೆ ಹೋಗಿ ಒಂದೊಂದಾಗಿ ಎತ್ತಿಕೊಂಡರು. ಹುಡುಗಿಯರ ಮುಂದಿದ್ದುದನ್ನೂ ಸಾರಿ ಹೇಳಿ ತೆಗೆದರು. ಎಣಿಸಿದರು.

"ಹನ್ನೊಂದಿದೆ. ನಾನು ಹನ್ನೆರಡು ಮಾಡಿಕೊಟ್ಟಿದ್ದೆ."

"ಒಂದು ನಿನ್ನೆ ಬೆಳಿಗ್ಗೆ ಹೋಯ್ತು ಅಂಕಲ್. ಕ್ವಾರ್ಟರ್ ಕೇಳೋಕೆ ಬಂದಿದ್ನಲ್ಲ ಒಬ್ಬ, ಫ್ರೆಂಡ್ಸ್‌ಗೆ ತೋರಿಸ್ತೀನಿ ಅಂತ ನಗ್ತಾ ತಗೊಂಡ್ ಹೋದ."

"ಎಲ್ಲಿಯೋನು?"

"ಎದುರಿಗೇ ಇರ್ಬೇಕು. ಮೂರು ಪಿಜಿ ಇದೆಯಲ್ಲ, ಯಾವುದೋ ಒಂದ್ರಲ್ಲಿ. ಬಿಡಿ ಅಂಕಲ್, ಒಂದ್ ಕಾರ್ಡಿಂದ ಏನಾಗುತ್ತೆ? ಅಂಗಡಿ ಉಳೀತಲ್ಲ."

ಅಂಗಡಿ ಉಳಿದಿತ್ತು. ಒಳಗಿನಿಂದ ಮೆಣಸಿನ ಘಾಟು ಬರತೊಡಗಿತ್ತು. ಲಕ್ಕಪ್ಪ ಏಣಿ ಮಡಿಸಿ, "ಸಾರ್, ಬನಶಂಕರಿವರೆಗೂ ಬಿಡ್ತೀನಿ, ಗಾಡಿ ಹತ್ತಿ" ಎಂದು ಕರೆದ. ಚಕ್ರಪಾಣಿ ಹನ್ನೊಂದು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು, ನೀನು ಹೊರಡು ಎಂದು ಕೈಯಾಡಿಸಿದರು.

ಮುನಿವೆಂಕಟಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅವರು ರಸ್ತೆಯ ನಡುವಿದ್ದರು. ಬಲಗಾಲನ್ನು ಸ್ವಲ್ಪ ಎಳೆಯುತ್ತ, ಎರಡು ಬೈಕುಗಳ ನಡುವೆ ದಾರಿ ಮಾಡಿಕೊಳ್ಳುತ್ತಿದ್ದರು.

"ಏನೇ ಅದು, ಬೋರ್ಡ್ ಮೇಲಿನ ಮಾತು?"

"ಟ್ರಾಟರ್ ಅಮ್ಮ."

"ಅದೇ. ನೋಡಲ್ಲಿ, ಹೋಗ್ತಾ ಇದೆ" ಎಂದರು ಮುನಿವೆಂಕಟಮ್ಮ.

ಚಕ್ರಪಾಣಿ ಮೊದಲನೆಯ ಪಿಜಿಯ ಗಂಟೆ ಒತ್ತಿದರು.